ಗೋಲು ಎಷ್ಟು ಅಂತ ಕೇಳಬೇಡಿ ಮಾರಾಯ್ರೆ

ನಿನ್ನೆ ಸಂಜೆ ಕಾರವಾರದ ಮಾಲಾದೇವಿ ಮೈದಾನದಲ್ಲಿ ಹುಡುಗರ ಫುಟ್‌ಬಾಲ್ ಮ್ಯಾಚ್ ನೋಡುತ್ತಿದ್ದೆ. ಬಲಗಡೆ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಒಬ್ಬ ಸಣಕಲ ಹುಡುಗ. ಅಣ್ಣನದ್ದೋ ಯಾರದ್ದೋ ಜೆರ್ಸಿ, ಮೊಣಕಾಲಿನ ತನಕ ಇಳಿದಿದೆ. ಬಾಲ್ ಬಂತು ಅಂದರೆ ಒಮ್ಮೆ ನಿಲ್ಲುತ್ತಾನೆ. ಎಡಕ್ಕೆ ಹೋಗುವವನ ಹಾಗೆ ಭುಜ ಬಗ್ಗಿಸಿ ಬಲಕ್ಕೆ ಹಾರಿಬಿಡುತ್ತಾನೆ. ಅವನ ಹತ್ತಿರ ಇರುವುದು ಇದೊಂದೇ ಐಟಂ. ಎದುರಿಗಿದ್ದ ದಪ್ಪ ಹುಡುಗನಿಗೂ ಅದು ಗೊತ್ತು. ಆದರೂ ಪ್ರತಿ ಸಲ ಎಡಕ್ಕೇ ವಾಲುತ್ತಾನೆ. ಕೊನೆಕೊನೆಗೆ ಪಾಪ ಅವನಿಗೇ ನಗು ಬಂದುಬಿಟ್ಟಿತು.

ಅಷ್ಟರಲ್ಲಿ ಲೈನಿನ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಗಂಟಲು ಹರಿದುಕೊಂಡರು. "ಪಾಸ್ ದೀ ರೇ! ಆಟ ಆಡಬೇಡ, ಗೋಲು ಹೊಡಿ!"

ಆಟ ಆಡಬೇಡ ಅಂತೆ! ಮೈದಾನಕ್ಕೆ ಬಂದ ಹುಡುಗ ಆಟ ಆಡದೆ ಇನ್ನೇನು ಅಡಿಕೆ ಸುಲಿಯಬೇಕಾ? ಸ್ವಲ್ಪ ಹೊತ್ತಿಗೆ ಅವನನ್ನು ಹೊರಗೆ ಕರೆದು ಕೂರಿಸಿಯೂ ಬಿಟ್ಟರು. ನಾನು ಪಕ್ಕದವರ ಹತ್ತಿರ "ಚೆನ್ನಾಗಿ ಆಡ್ತಿದ್ದ ಅಲ್ವಾ" ಅಂದೆ. "ಡ್ಯಾನ್ಸ್ ಮಾಡಿದರೆ ಆಯ್ತಾ, ಗೋಲು ಎಷ್ಟು?" ಅಂದರು ಅವರು. ಅಷ್ಟಕ್ಕೇ ಬಿಡಲಿಲ್ಲ. ಮೊಬೈಲ್ ತೆಗೆದು ಮೆಸ್ಸಿಗೆಷ್ಟು, ರೊನಾಲ್ಡೊಗೆಷ್ಟು ಅಂತ ಟೇಬಲ್ ತೋರಿಸಲು ಶುರು ಮಾಡಿದರು. ಎದುರಿಗೆ ಜೀವಂತ ಆಟ ನಡೀತಿದೆ, ಇವರು ಲೆಡ್ಜರ್ ನೋಡ್ತಿದ್ದಾರೆ. ದಿನವಿಡೀ ಲೆಕ್ಕ ಬರೆಯುವುದೇ ನನ್ನ ಕೆಲಸ. ಸಂಜೆಯಾದರೂ ಬಿಡಿ ಸ್ವಾಮಿ.

ಗೋಲು ಎಷ್ಟು ಅಂತ ನೋಡಿಕೊಂಡು ಯಾರಾದರೂ ಆಟಗಾರನ ಮೇಲೆ ಪ್ರೀತಿ ಇಡುತ್ತಾರಾ?

ಗಾರಿಂಚಾನನ್ನೇ ತೆಗೆದುಕೊಳ್ಳಿ. ಬ್ರೆಜಿಲ್‌ನವನು. ಎರಡೂ ಕಾಲು ಒಂದೇ ಕಡೆಗೆ ಸೊಟ್ಟ, ಒಂದು ಇನ್ನೊಂದಕ್ಕಿಂತ ಗಿಡ್ಡ. ಅವನೂ ಬಲಗಡೆಯ ವಿಂಗ್. ಅವನ ಹತ್ತಿರವೂ ಹೆಚ್ಚುಕಡಿಮೆ ಒಂದೇ ಐಟಂ: ಎಡಕ್ಕೆ ವಾಲಿದಂತೆ ಮಾಡಿ ಬಲಕ್ಕೆ ಹೋಗುವುದು. ಇಡೀ ಜಗತ್ತಿಗೇ ಗೊತ್ತಿತ್ತು, ತಡೆಯಲು ಮಾತ್ರ ಆಗುತ್ತಿರಲಿಲ್ಲ. 1958ರ ವಿಶ್ವಕಪ್‌ಗೆ ಮುಂಚೆ ಇಟಲಿಯ ಫಿಯೊರೆಂಟಿನಾ ತಂಡದ ಮೇಲೆ ಒಂದು ಮ್ಯಾಚ್ ಇತ್ತು. ಡಿಫೆಂಡರ್‌ಗಳನ್ನೂ ಗೋಲ್‌ಕೀಪರನ್ನೂ ದಾಟಿದ ಮೇಲೆ ಎದುರಿಗೆ ಖಾಲಿ ಗೋಲು. ಈ ಮಹಾಶಯ ಹೊಡೆಯಲಿಲ್ಲ. ಇನ್ನೊಬ್ಬ ಡಿಫೆಂಡರ್ ಓಡಿ ಬರಲಿ ಅಂತ ಕಾದ, ಅವನನ್ನೂ ದಾಟಿ ಆಮೇಲೆ ಬಾಲ್ ಒಳಗೆ ತೆಗೆದುಕೊಂಡು ಹೋದ! ವಿಶ್ವಕಪ್‌ನ ಮೊದಲ ಎರಡು ಪಂದ್ಯಕ್ಕೆ ಅವನನ್ನು ಹೊರಗೆ ಕೂರಿಸಿದ್ದು ಇಂಥ ಹುಡುಗಾಟಕ್ಕೇ ಅಂತ ಹೇಳುವವರಿದ್ದಾರೆ. ನೋಡಿ, ಲೈನಿನ ಹತ್ತಿರ ನಿಂತು ಕೂಗುವ ಹಿರಿಯರು ಆಗಲೂ ಇದ್ದರು. ಮೂರನೇ ಪಂದ್ಯದಲ್ಲಿ ಸೋವಿಯತ್ ತಂಡದ ಮೇಲೆ ಇಳಿಸಿದರು, ಜೊತೆಗೆ 17 ವರ್ಷದ ಪೆಲೆ. ಇವರಿಬ್ಬರೂ ಒಟ್ಟಿಗೆ ಆಡಿದ ಒಂದು ಪಂದ್ಯವನ್ನೂ ಬ್ರೆಜಿಲ್ ಸೋಲಲಿಲ್ಲ. 1962ರಲ್ಲಿ ಪೆಲೆ ಗಾಯಗೊಂಡು ಕೂತಾಗ ಇಂಗ್ಲೆಂಡ್ ಮೇಲೆ ಎರಡು, ಚಿಲಿ ಮೇಲೆ ಎರಡು ಗೋಲು ಹೊಡೆದು ಕಪ್ಪಿನ ತನಕ ಎಳೆದುಕೊಂಡು ಹೋದವನು ಈ ಸೊಟ್ಟಗಾಲಿನವನೇ.

ಪೆಲೆಯ ಲೆಕ್ಕ ದೊಡ್ಡದು. ಮೂರು ವಿಶ್ವಕಪ್. ಅವನು ರಾಜ, ಒಪ್ಪಿದೆ. ಆದರೆ ಬ್ರೆಜಿಲ್‌ನ ಜನ "ಜನರ ಸಂತೋಷ" ಅಂತ ಕರೆದದ್ದು ಗಾರಿಂಚಾನನ್ನು. ಕುಡಿದು ಹಾಳಾಗಿ 1983ರಲ್ಲಿ 49ನೇ ವಯಸ್ಸಿಗೇ ಹೋದ. ಮರಕಾನಾ ಸ್ಟೇಡಿಯಂಗೆ ಹೆಣ ತಂದಾಗ ಕೊನೇ ಸಲ ನೋಡಲು ಜನ ಮುಗಿಬಿದ್ದರು. ಅವರಲ್ಲಿ ಯಾರ ಕೈಯಲ್ಲೂ ಟೇಬಲ್ ಇದ್ದಿರಲಿಕ್ಕಿಲ್ಲ.

ನಾನು ಘಟ್ಟದ ಮೇಲಿನವನು, ನಿಮಗೆ ಗೊತ್ತೇ ಇದೆ. ಶಿರಸಿ ಕಡೆ ಬಾಲ್ ಅಂದರೆ ಕ್ರಿಕೆಟ್, ಇಲ್ಲ ವಾಲಿಬಾಲ್. ಈ ಹುಚ್ಚು ಹತ್ತಿದ್ದು ಕಾರವಾರಕ್ಕೆ ಬಂದ ಮೇಲೆ. ಮಾಜಾಳಿ ದಾಟಿದರೆ ಗೋವಾ, ಇನ್ನು ಫುಟ್‌ಬಾಲ್‌ನಿಂದ ತಪ್ಪಿಸಿಕೊಳ್ಳುವುದು ಹೇಗೆ? ಆದರೆ ಈ ಪ್ರೀತಿ ಎಂಥದ್ದು ಅಂತ ನನಗೆ ಮೊದಲೇ ಗೊತ್ತಿತ್ತು, ಯಕ್ಷಗಾನದಿಂದ. ಭಸ್ಮಾಸುರ ಕೊನೆಗೆ ತನ್ನ ತಲೆ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆ ಅಂತ ಗೊತ್ತಿಲ್ಲದವರು ಯಾರಾದರೂ ಇದ್ದರಾ? ಆದರೂ ಚಿಟ್ಟಾಣಿಯವರ ಭಸ್ಮಾಸುರ ಇದೆ ಅಂದರೆ ಜನ ಕಂಬಳಿ ಹೊದ್ದು ಬೆಳಗಿನ ತನಕ ಕೂರುತ್ತಿದ್ದರು. ಅವರು ಎಷ್ಟು ಗಿರಕಿ ಹಾಕಿದರು ಅಂತ ಯಾರು ಎಣಿಸಿದ್ದಾರೆ? ಏನಾಗುತ್ತದೆ ಅಂತ ಗೊತ್ತಿದ್ದೂ ಮೈ ಝುಂ ಅನ್ನಬೇಕು. ಅಷ್ಟೇ ಬೇಕಾದ್ದು.

ಮೆಸ್ಸಿಯದ್ದೂ ಅದೇ ಕತೆ. ಎಡಗಾಲಿನವನು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. 2022ರ ಡಿಸೆಂಬರ್, ಕ್ರೊಯೇಷಿಯಾ ಮೇಲಿನ ವಿಶ್ವಕಪ್ ಸೆಮಿಫೈನಲ್ ನೆನಪಿದೆಯಾ? ನಮಗೆ ನಡುರಾತ್ರಿ ಹನ್ನೆರಡೂವರೆಗೆ ಶುರುವಾದದ್ದು. ಮುಖಕ್ಕೆ ಮಾಸ್ಕ್ ಹಾಕಿದ್ದ ಗ್ವಾರ್ಡಿಯೋಲ್, 20 ವರ್ಷದ ಗಟ್ಟಿಮುಟ್ಟು ಆಳು, ಆ ಟೂರ್ನಿಯ ಒಳ್ಳೆಯ ಡಿಫೆಂಡರ್‌ಗಳಲ್ಲಿ ಒಬ್ಬ. ಮೆಸ್ಸಿಗೆ 35. ಬಲಗಡೆ ಗೆರೆಯ ಗುಂಟ ಓಡಿದ, ನಿಧಾನ ಮಾಡಿದ, ಮತ್ತೆ ಹೊರಟ. ಬೆನ್ನು ತಿರುಗಿಸಿದ. ಇನ್ನು ಎಡಗಾಲಿಗೆ ಒಳಗೆ ಬರುತ್ತಾನೆ ಅನ್ನುವಷ್ಟರಲ್ಲಿ ಹೊರಗಿನಿಂದ ನುಸುಳಿ ಆಲ್ವಾರೆಜ್‌ಗೆ ಕೊಟ್ಟ. ಗೋಲು ಆಲ್ವಾರೆಜ್ ಹೆಸರಿಗೆ. ನಾನು ಮಂಚದಿಂದ ಎದ್ದು ನಿಂತಿದ್ದೆ. ಹೆಂಡತಿ "ಕಳ್ಳ ಬಂದನಾ?" ಅಂದಳು. ಮೆಸ್ಸಿಯ ಗೋಲಿನ ಲೆಕ್ಕಕ್ಕೆ ಇದು ಸೇರುವುದೇ ಇಲ್ಲ, ಗಮನಿಸಿ.

ಇನ್ನು ರೊನಾಲ್ಡಿನೊ. 2005ರ ನವೆಂಬರ್ 19ಕ್ಕೆ ಮ್ಯಾಡ್ರಿಡ್‌ಗೇ ಹೋಗಿ ರಿಯಲ್ ಮ್ಯಾಡ್ರಿಡ್ ಮೇಲೆ ಎರಡು ಹೊಡೆದ, ಬಾರ್ಸಿಲೋನಾ 3-0. ಅವರ ಡಿಫೆಂಡರ್ ರಾಮೋಸ್‌ನನ್ನು ದಾಟಿ ಹೋದ ರೀತಿ ನೋಡಿ ಮ್ಯಾಡ್ರಿಡ್‌ನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬದ್ಧವೈರಿ ಬಾರ್ಸಿಲೋನಾದವನಿಗೆ! ನಮ್ಮಲ್ಲಿ ಪಕ್ಕದ ಊರಿನ ಟೀಮಿಗೆ ಚಪ್ಪಾಳೆ ಹೊಡೆದರೆ ಮನೆಗೆ ಸರಿಯಾಗಿ ಮುಟ್ಟುವುದೇ ಕಷ್ಟ.

"ಗೋಲಿಲ್ಲದೆ ಗೆಲ್ಲುವುದು ಹೇಗೆ? ರೊನಾಲ್ಡೊನ ಶ್ರಮಕ್ಕೆ ಬೆಲೆ ಇಲ್ವಾ?" ಅಂತ ಕೇಳುವವರು ಬರುತ್ತಾರೆ, ಗೊತ್ತು. ಇದೆ ಮಾರಾಯ್ರೆ. ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅವನಷ್ಟು ಗೋಲು ಹೊಡೆದವರು ಇನ್ನೊಬ್ಬರಿಲ್ಲ. ನಮಸ್ಕಾರ. ಆದರೆ 2018ರಲ್ಲಿ ಟುರಿನ್‌ನಲ್ಲಿ ಎದುರಾಳಿ ಯುವೆಂಟಸ್‌ನ ಅಭಿಮಾನಿಗಳು ಅವನಿಗೆ ಎದ್ದು ನಿಂತು ಚಪ್ಪಾಳೆ ಕೊಟ್ಟರಲ್ಲ, ಅದು ಒಟ್ಟು ಗೋಲು ಎಣಿಸಿಯಾ? ಗೋಲಿಗೆ ಬೆನ್ನು ಹಾಕಿ, ಗಾಳಿಯಲ್ಲಿ ಮಲಗಿ ಒದ್ದ ಆ ಒಂದು ಒದೆತಕ್ಕೆ. ಅವನ ಭಕ್ತರಿಗೇ ಅವನ ಒಳ್ಳೆಯದು ಕಾಣುವುದಿಲ್ಲ, ಟೇಬಲ್ ಹಿಡಿದು ಅವನನ್ನೂ ಗುಮಾಸ್ತ ಮಾಡಿಬಿಟ್ಟಿದ್ದಾರೆ.

ಹಾಗಂತ ಕಾಲಿನ ಚಮತ್ಕಾರ ಇದ್ದರೆ ಸಾಕು ಅಂತಲೂ ಅಲ್ಲ. ನೇಮಾರ್‌ಗೆ ಏನು ಕಡಿಮೆ ಇತ್ತು? ಆದರೆ 2018ರ ವಿಶ್ವಕಪ್‌ನಲ್ಲಿ ಒಮ್ಮೆ ಬಿದ್ದರೆ ಉರುಳುತ್ತಲೇ ಇದ್ದ. ಜನ ನಗಲು ಶುರು ಮಾಡಿದರು, ಮತ್ತೆ ನಿಜವಾಗಿ ಬಿದ್ದರೂ ಯಾರೂ ನಂಬಲಿಲ್ಲ. ನನಗೆ ಮಾತ್ರ ಅವನು ಈಗಲೂ ಇಷ್ಟ, ಯಾರಿಗೂ ಹೇಳಬೇಡಿ.

ನನ್ನದೂ ಒಂದಿದೆ. ಆಫೀಸಿನ ಟೀಮಿನಲ್ಲಿ ನನ್ನನ್ನು ಲೆಫ್ಟ್ ಬ್ಯಾಕ್ ನಿಲ್ಲಿಸುತ್ತಿದ್ದರು, ಬೇರೆ ಎಲ್ಲೂ ನಿಲ್ಲಿಸಲು ಆಗದೆ. ಒಮ್ಮೆ ಗೋವಾ ಕಡೆಯ ಒಬ್ಬ ಮನುಷ್ಯ ಎದುರಾದ. ಹೊಟ್ಟೆ ಬಂದಿದೆ, ಅರ್ಧ ತಲೆ ಬೋಳು. ಇವನೇನು ಓಡುತ್ತಾನೆ ಅಂದುಕೊಂಡೆ. ಅವನು ಓಡಲಿಲ್ಲ. ನನ್ನ ಎರಡು ಕಾಲಿನ ಸಂದಿಯಿಂದ ಬಾಲ್ ದಾಟಿಸಿ, ಆರಾಮಾಗಿ ಪಕ್ಕದಿಂದ ಹೋಗುತ್ತಾ "ಸಾರಿ ಸರ್" ಅಂದ. ಆವತ್ತು ಗೆದ್ದವರು ಯಾರು ಅಂತ ದೇವರಾಣೆ ನೆನಪಿಲ್ಲ. ಆ "ಸಾರಿ ಸರ್" ಮಾತ್ರ ಕಿವಿಯಲ್ಲೇ ಇದೆ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಅಭಿಮಾನ ಬಂತು. ಏನು ಮಾಡುವುದು?

ಕಾಮೆಂಟಿನಲ್ಲಿ ಜಗಳ ಆಡಿ, ಬೇಡ ಅನ್ನುವುದಿಲ್ಲ. ಆದರೆ ಯಾರ ಕಾಲಿಗೆ ಬಾಲ್ ಹೋದಾಗ ನೀವು ಕುರ್ಚಿಯ ತುದಿಗೆ ಬಂದು ಕೂತಿರಿ, ಅದನ್ನು ಬರೆಯಿರಿ. ಗೋಲಿನ ಟೇಬಲ್ ಹಾಕಿದರೆ ಡಿಲೀಟ್ ಮಾಡುತ್ತೇನೆ. ಶಿರಸಿ ಭಾವ, ಇದು ನಿಮಗೇ ಹೇಳಿದ್ದು. ನೀವು ಈಗಾಗಲೇ ಟೈಪ್ ಮಾಡ್ತಿದ್ದೀರಿ ಅಂತಲೂ ಗೊತ್ತು.