ಗುಲಾಬಿ ಬಣ್ಣಕ್ಕೆ ಅರ್ಧ ಅಂಕ ಕಟ್

ಶಾಲೆಗೂ ಹೊಲಕ್ಕೂ ನಡುವೆ ಇರುವುದು ಒಂದೇ ಒಂದು ಕಾಂಪೌಂಡು ಗೋಡೆ. ಆದರೂ ಏಳನೇ ತರಗತಿಯವರಿಗೆ ಹೊಲ ತೋರಿಸುವುದು ಪ್ರೊಜೆಕ್ಟರಿನಲ್ಲಿ. ಪರದೆ ಚೆನ್ನಾಗಿ ಕಾಣಲಿ ಅಂತ ಮೊದಲು ಕಿಟಕಿ ಮುಚ್ಚುತ್ತಾರೆ. ಕಿಟಕಿಯಾಚೆ ಅದೇ ಹೊಲ.

ಮೊನ್ನೆ ಪರೀಕ್ಷೆಯಲ್ಲಿ ಬೇರುಗಂಟಿನ, ಅಂದರೆ ಬಟಾಣಿಯಂಥ ಗಿಡಗಳ ಬೇರಿನಲ್ಲಿ ಮೂಡುವ ಪುಟ್ಟ ಗಂಟಿನ, ಚಿತ್ರ ಬರೆದು ಬಣ್ಣ ತುಂಬಿ ಅಂತ ಕೇಳಿದ್ದರು. ರೈತನ ಮಗಳೊಬ್ಬಳು ಗಂಟಿನೊಳಗೆ ಗುಲಾಬಿ ಬಣ್ಣ ತುಂಬಿದಳು. ಅರ್ಧ ಅಂಕ ಕಟ್. ಪುಸ್ತಕದಲ್ಲಿ ಇರುವುದು ಹಸಿರು.

"ಯಾರು ಹೇಳಿದ್ರು ನಿಂಗೆ ಗುಲಾಬಿ ಅಂತ?"

"ಯಾರೂ ಹೇಳ್ಲಿಲ್ಲ ಸಾರ್. ಬಟಾಣಿ ಗಿಡ ಕಿತ್ತು, ಗಂಟನ್ನ ಉಗುರಲ್ಲಿ ಸೀಳಿ ನೋಡ್ದೆ."

ನೋಡಿ, ತಪ್ಪಾಗಿದ್ದು ಅಲ್ಲೇ. ವಿಜ್ಞಾನ ಅಂದಮೇಲೆ ಸುಮ್ನೆ ಕಣ್ಣಲ್ಲಿ ನೋಡಿಬಿಟ್ಟರೆ ಆಗುತ್ತಾ? ಪುಟ ಸಂಖ್ಯೆ ಬೇಡವಾ?

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಗಿಡ ಅದನ್ನು ನೇರವಾಗಿ ಬಳಸಲಾರದು. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಅದನ್ನು ಹಿಡಿದು ಗಿಡಕ್ಕೆ ಒಗ್ಗುವಂತೆ ಮಾಡಿಕೊಡಬೇಕು. ಆಮ್ಲಜನಕ ಜಾಸ್ತಿಯಾದರೆ ಈ ಕೆಲಸ ಕೆಡುತ್ತದೆ. ಅದನ್ನು ಹದದಲ್ಲಿ ಇಡುವುದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನ ದಾಯಾದಿ. ದುಡಿಯುವ ಗಂಟು ಒಳಗೆ ಗುಲಾಬಿಯಾಗಿರುವುದು ಅದರಿಂದಲೇ. ಹಸಿರಿಗೆ ತಿರುಗಿತೆಂದರೆ ಗಂಟು ನಿವೃತ್ತಿಯಾಗುತ್ತಿದೆ ಅಂತ ಲೆಕ್ಕ. ನಮ್ಮ ಪುಸ್ತಕದ ಗಂಟು ನಿವೃತ್ತಿಯಾದ ಮೇಲೂ ಎಷ್ಟು ಮುದ್ರಣ ಕಂಡಿದೆಯೋ!

ಇಂಥ ಹೊತ್ತಿನಲ್ಲಿ ಸುತ್ತೋಲೆ ಬಂತು: ಇನ್ನು ಮುಂದೆ ವಿಜ್ಞಾನವನ್ನು ಸ್ಥಳೀಯ ಬೇಸಾಯದ ಮೂಲಕವೇ ಕಲಿಸಬೇಕು. ಶಾಲೆಯಲ್ಲಿ ಸಡಗರವೋ ಸಡಗರ. ಹೊಲಕ್ಕೆ ಹೋಗಲು ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ. ಆ ಹುಡುಗಿಯ ಅಪ್ಪ ನೇಗಿಲು ಬಿಟ್ಟು ಬಂದು ಸಹಿ ಹಾಕಿದರು: ನನ್ನ ಮಗಳು ನನ್ನ ಹೊಲಕ್ಕೆ ಬರಲು ನನ್ನ ಅಭ್ಯಂತರವಿಲ್ಲ. ಕೆಳಗೆ ಇನ್ನೊಂದು ಷರತ್ತು ಇತ್ತು. ಬೂಟಿಗೆ ಮಣ್ಣು ಮೆತ್ತಬಾರದು.

ಮಣ್ಣಿನ ಷರತ್ತಿನಿಂದಾಗಿ ಕೊನೆಗೆ ಯಾರೂ ಹೊಲಕ್ಕೆ ಹೋಗಲಿಲ್ಲ. ಹೊಲವೇ ಒಳಗೆ ಬಂತು. ಥರ್ಮಾಕೋಲಿನ ಹೊಲ, ಪ್ಲಾಸ್ಟಿಕ್ ಎರೆಹುಳು. ಎರೆಹುಳುವಿಗೆ ಕಣ್ಣು ಕೂಡ ಅಂಟಿಸಿದ್ದರು, ಪಾಪ, ನಿಜವಾದದ್ದಕ್ಕೆ ಆ ಭಾಗ್ಯವಿಲ್ಲ. ಸಂಪನ್ಮೂಲ ವ್ಯಕ್ತಿಯಾಗಿ ಕರೆದಿದ್ದು ಅದೇ ಅಪ್ಪನನ್ನು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮಣ್ಣು ಅಂದರೇನು ಅಂತ ಎರಡು ಗಂಟೆ ಸ್ಲೈಡು ತೋರಿಸಿದರು. ಮೈಕು ಮಾತ್ರ ಅವರ ಕೈಗೆ ಬರಲಿಲ್ಲ.

ತಪಾಸಣೆಯ ಹಿಂದಿನ ದಿನ ಅಂಗಳ ಚೊಕ್ಕಟ ಮಾಡಿದರು. ಗೋಡೆಯ ಬುಡದಲ್ಲಿ ಹುಡುಗಿ ಹಾಕಿದ್ದ ಬಟಾಣಿ ಬಳ್ಳಿಯೂ ಕಳೆಯ ಜೊತೆ ಹೋಯಿತು. ಮಾರನೇ ದಿನ ಅವಳು ರಾಶಿಯಿಂದ ಒಂದು ಬೇರು ಎತ್ತಿಕೊಂಡು, ಗಂಟು ಸೀಳಿ, ನೇರವಾಗಿ ಸಾಹೇಬರ ಮುಂದೆ ಹಿಡಿದಳು.

"ಅರೆ, ಗುಲಾಬಿ!" ಅಂದರು ಸಾಹೇಬರು.

"ಪುಸ್ತಕದಲ್ಲಿ ಹಸಿರು ಸಾರ್," ಅಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತಾ.

ಸಾಹೇಬರು ಬೇರನ್ನೊಮ್ಮೆ ನೋಡಿದರು, ಪುಸ್ತಕವನ್ನೊಮ್ಮೆ ನೋಡಿದರು. ಆಮೇಲೆ ವರದಿಯಲ್ಲಿ ಬರೆದರು: ಶಾಲೆಯ ಗಿಡಗಳು ಪಠ್ಯಕ್ರಮಕ್ಕೆ ಅನುಗುಣವಾಗಿಲ್ಲ. ಸರಿಪಡಿಸಲು 15 ದಿನ ಗಡುವು ನೀಡಲಾಗಿದೆ.