ಲೇಕ್ ತುಂಬಾ ಮೀನು, ಸ್ಯಾಂಡಸ್ಕಿ ಹೊಳೇಲಿ ಮಾತ್ರ ಯಾಕೆ ಕಮ್ಮಿ?

ಅಮೆರಿಕದ ಒಹಾಯೋಗೆ ಬಂದು ಹನ್ನೆರಡು ವರ್ಷ ಆಯ್ತು, ಅದ್ರಲ್ಲಿ ಒಂಬತ್ತು ವರ್ಷ ಮಾರ್ಚ್ ಕೊನೆ ಬಂತು ಅಂದ್ರೆ ನಾನು ಫ್ರೀಮಾಂಟ್ ಊರಲ್ಲಿ ಸ್ಯಾಂಡಸ್ಕಿ ಹೊಳೇಲಿ ಸೊಂಟದ ತನಕ ನೀರಲ್ಲಿ ನಿಂತಿರ್ತೀನಿ. ವಾಲ್‌ಐ ಮೀನಿಗೆ. ನೋಡಿಲ್ಲದವ್ರಿಗೆ ಹೇಳ್ತೀನಿ, ಇದರ ಕಣ್ಣು ಗಾಜಿನ ಗೋಲಿ ಥರ, ಒಳಗಡೆ ಬೆಳಕು ವಾಪಸ್ ಹೊಡೆಯೋ ಒಂದು ಪದರ ಇದೆ, ಕತ್ಲಲ್ಲಿ ಟಾರ್ಚ್ ಬಿಟ್ರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತೆ. ಮಾಂಸ ಬೆಳ್ಳಗೆ, ರವಾ ಹಚ್ಚಿ ಫ್ರೈ ಮಾಡಿದ್ರೆ ನಂಗೆ ಕಾಣೆ ಮೀನೇ ನೆನಪಾಗೋದು. ವರ್ಷಪೂರ್ತಿ ಈ ಹೊಳೆ ಹೋಗಿ ಸೇರೋ ಲೇಕ್ ಈರಿ ಅನ್ನೋ ದೊಡ್ಡ ಸರೋವರದಲ್ಲಿ ಇದ್ದು, ಐಸ್ ಕರಗಿ ನೀರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಆಗ್ತಿದ್ದ ಹಾಗೆ ಮೊಟ್ಟೆ ಇಡೋಕೆ ಹೊಳೆ ಹತ್ತುತ್ತೆ. ನಮ್ಮ ತೀರ್ಥಹಳ್ಳಿ ಕಡೆ ಮೊದಲ ಮಳೆಗೆ ಹೊಳೆಯಿಂದ ಮೇಲೆ ಹತ್ತೋ ಮೀನು ಗದ್ದೆಗೆ ಬರ್ತಾವಲ್ಲ, ಅಪ್ಪ ರಾತ್ರಿ ಕೂಣಿ (ಮೀನು ಹಿಡಿಯೋ ಬುಟ್ಟಿ) ಇಟ್ಟು ಬರ್ತಿದ್ರಲ್ಲ, ಅದೇ ಕಥೆ ಇಲ್ಲೂ.

ಆದ್ರೆ ಈ ಹೊಳೇಲಿ ಮೀನು ಹಿಂದಿನ ಹಾಗೆ ಹತ್ತುತ್ತಿಲ್ಲ. ನನ್ನ ಪಕ್ಕ ನಿಲ್ಲೋ ಎಪ್ಪತ್ತು ದಾಟಿದ ಅಜ್ಜ ಒಬ್ರು "ಹುಡುಗ್ರಾಗಿದ್ದಾಗ ಕಾಲಿಗೆ ಬಂದು ಬಡೀತಿದ್ವು" ಅಂತಾರೆ. ಈಗ ಬೆಳಗ್ಗೆಯಿಂದ ಸಂಜೆವರೆಗೆ ನಿಂತ್ರೂ ಒಂದೋ ಎರಡೋ. ಹಾಗಂತ ಮೀನೇ ಇಲ್ಲ ಅಂತಲ್ಲ. ಲೇಕ್ ಈರಿಲಿ 2015, 2018, 2021ರಲ್ಲಿ ಮರಿ ಭರ್ಜರಿಯಾಗಿ ಉಳ್ಕೊಂಡ್ವು, ಲೇಕಲ್ಲಿ ಬೋಟ್ ತಗೊಂಡು ಹೋದವ್ರು ದಿನಕ್ಕೆ ಆರು ಅನ್ನೋ ಲಿಮಿಟ್ ಆರಾಮಾಗಿ ಮುಗಿಸಿಕೊಂಡು ಬರ್ತಾರೆ. ಪಶ್ಚಿಮಕ್ಕೆ ಒಂದು ಗಂಟೆ ದಾರಿ, ಟೊಲೀಡೊ ಹತ್ರ ಮೌಮಿ ಹೊಳೇಲೂ ಜಾತ್ರೆ ಥರ ಜನ, ಮೀನೂ ಸಿಗ್ತವೆ.

ದಂಡೇಲಿ ನಿಂತು ಮಾತಾಡೋವಾಗ ಎಲ್ಲರೂ ಬೇರೆಯವ್ರನ್ನೇ ಬೈಯೋದು. ಹೊರಗಿಂದ ಬರೋರು ಜಾಸ್ತಿ ಹಿಡೀತಾರೆ ಅಂತ ಒಬ್ರು, ಕಾರ್ಮೊರಂಟ್ ಹಕ್ಕಿ ತಿಂತಾವೆ ಅಂತ ಇನ್ನೊಬ್ರು. ನಾನು ಇದನ್ನ ಪೂರ್ತಿ ಒಪ್ಪಲ್ಲ. ಹಿಡಿಯೋದ್ರಿಂದ್ಲೇ ಕಮ್ಮಿ ಆಗೋದಾದ್ರೆ ಅಷ್ಟು ಜನ ನಿಲ್ಲೋ ಮೌಮಿ ಯಾವತ್ತೋ ಖಾಲಿ ಆಗ್ಬೇಕಿತ್ತು. ಅದೂ ಅಲ್ದೆ, ಮಾರ್ಚ್ 1ರಿಂದ ಮೇ 1ರ ತನಕ ಈ ಎರಡೂ ಹೊಳೇಲಿ ಸೂರ್ಯ ಮುಳುಗಿದ ಮೇಲೆ ಗಾಳ ಹಾಕೋ ಹಾಗೇ ಇಲ್ಲ, ಗಾಳನೂ ಒಂಟಿ ಕೊಕ್ಕೆದೇ ಆಗ್ಬೇಕು.

ನನ್ನ ಪ್ರಕಾರ ಮುಖ್ಯ ಕಾರಣ ಹೊಳೆಯ ತಳದಲ್ಲಿದೆ. ವಾಲ್‌ಐ ಗೂಡು ಕಟ್ಟಲ್ಲ, ಮೊಟ್ಟೆ ಕಾಯಲ್ಲ, ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಚೆಲ್ಲಿ ಹೋಗ್ಬಿಡುತ್ತೆ, ಅವು ಕಲ್ಲಿನ ಸಂದೀಲಿ ಎರಡು ಮೂರು ವಾರ ಉಸಿರಾಡ್ಕೊಂಡು ಬದುಕಬೇಕು. ಈಗ ನೋಡಿ, ಫ್ರೀಮಾಂಟ್‌ನ ಸ್ವಲ್ಪ ಮೇಲೇನೇ ಕರೆಂಟಿಗೆ ಅಂತ ಬಾಲ್‌ವಿಲ್ ಡ್ಯಾಮ್ ಕಟ್ಟಿದ್ರು, 1913ರಲ್ಲಿ. ಕರೆಂಟ್ ತೆಗೆಯೋದು ನಿಂತು ಎಷ್ಟೋ ಕಾಲ ಆಗಿದ್ರೂ ಡ್ಯಾಮ್ ಹಾಗೇ ಇತ್ತು. ಅದರ ಮೇಲೆ ಸುಮಾರು 22 ಮೈಲಿ ಹೊಳೆ ಮೀನಿಗೆ ಬಂದ್! ನೂರು ವರ್ಷ ಕೆಳಗಿನ ಒಂದು ಚೂರು ಜಾಗದಲ್ಲೇ ಎಲ್ಲಾ ಮೀನೂ ಮೊಟ್ಟೆ ಇಡಬೇಕಿತ್ತು. ಆ ಚೂರು ಜಾಗಕ್ಕೆ ಬರೋ ನೀರಾದ್ರೂ ಎಂಥದ್ದು, ಸುತ್ತ ಮುತ್ತ ಜೋಳ, ಸೋಯಾ ಹೊಲಗಳು, ಹೊಲದಡಿ ಹೂತ ಪೈಪುಗಳಿಂದ ಮಳೆ ನೀರು ಸೀದಾ ಹೊಳೆಗೆ, ಜೊತೆಗೆ ಮಣ್ಣು. ಮೊಟ್ಟೆ ಮೇಲೆ ಹೂಳು ಕೂತ್ರೆ ಉಸಿರುಗಟ್ಟಿ ಸಾಯ್ತವೆ. ಉಳಿದಿದ್ದನ್ನ ತಿನ್ನೋಕೆ ವೈಟ್ ಪರ್ಚ್ ಅಂತ ಅಟ್ಲಾಂಟಿಕ್ ಕಡೆಯಿಂದ ಸೇರ್ಕೊಂಡ ಮೀನು ಬೇರೆ ಇದೆ.

ಇನ್ನೊಂದು ವಿಷಯ ನನ್ನನ್ನ ತುಂಬಾ ಕಾಡುತ್ತೆ. ವಾಲ್‌ಐ ಹೆಚ್ಚಾಗಿ ತಾನು ಹುಟ್ಟಿದ ಹೊಳೆಗೇ ವಾಪಸ್ ಬರುತ್ತೆ. ಹಾಗಾಗಿ ಲೇಕಲ್ಲಿ ಕೋಟಿ ಮೀನು ಇದ್ರೂ ಅವು ಮೌಮಿಯಲ್ಲಿ, ಲೇಕಿನ ಬಂಡೆಗಳ ಮೇಲೆ ಹುಟ್ಟಿದವು, ಅವು ಸ್ಯಾಂಡಸ್ಕಿಗೆ ಯಾಕೆ ಬರ್ತವೆ? ಈ ಹೊಳೆಯ ಮಕ್ಕಳು ಕಮ್ಮಿಯಾದ್ರೆ ಬರೋರೂ ಕಮ್ಮಿ, ಅಷ್ಟೇ.

ಒಂದೊಂದು ವರ್ಷ ಮೀನು ಬಂದಿದ್ರೂ ನಮಗೆ ಸಿಗಲ್ಲ ಅನ್ನೋದೂ ನಿಜ, ನೀರು ಏರಿ ಚಹಾ ಬಣ್ಣ ಆಗಿ ಹತ್ತು ದಿನ ಇಳಿಯೋಕೇ ಆಗಲ್ಲ.

2018ರಲ್ಲಿ ಡ್ಯಾಮ್ ಒಡೆದು ತೆಗೆದ್ರು. ಸಿಕ್ಕಾಪಟ್ಟೆ ಜಗಳ, ಕೋರ್ಟು ಎಲ್ಲಾ ಆಯ್ತು, ಹಿಂದೆ ಕೂತಿರೋ ಕೆಸರು ಕೆಳಗೆ ಬರುತ್ತೆ ಅನ್ನೋ ಭಯ, ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆದ್ರೂ ತೆಗೆದಿದ್ದು ಸರಿ ಅಂತ್ಲೇ ನನ್ನ ಅಭಿಪ್ರಾಯ. ಹೋದ ಏಪ್ರಿಲ್‌ನಲ್ಲಿ ಡ್ಯಾಮ್ ಇದ್ದ ಜಾಗದಿಂದ ಮೇಲೆ ನಡ್ಕೊಂಡು ಹೋಗಿ ತೋಳು ಮುಳುಗೋ ತನಕ ಕೈ ಹಾಕಿ ಒಂದು ಹಿಡಿ ಜಲ್ಲಿ ಎತ್ತಿದೆ. ಬೆರಳ ಸಂದೀಲಿ ನೀರು ತಿಳಿಯಾಗೇ ಇಳೀತು, ಕಲ್ಲು ಕಲ್ಲಾಗೇ ಇತ್ತು. ಕೆಳಗೆ ರೋಜರ್ ಯಂಗ್ ಪಾರ್ಕ್ ಹತ್ರ ನಾನು ನಿಲ್ಲೋ ಜಾಗದಲ್ಲಿ ಅದೇ ಥರ ಎತ್ತಿದ್ರೆ ಕೈಗೆ ದೋಸೆ ಹಿಟ್ಟಿನ ಹಾಗೆ ಬೂದು ಕೆಸರು ಅಂಟಿತ್ತು, ಪ್ಯಾಂಟಿಗೆ ಒರೆಸಿದ್ರೂ ಹೋಗ್ಲಿಲ್ಲ.

ಅವತ್ತು ಸಂಜೆ ಮುಂಚೆ ಒಂದು ಹೆಣ್ಣು ಮೀನು ಸಿಕ್ತು, ಮೊಳದುದ್ದ ಮೇಲೇ ಇತ್ತು, ಹಿಡಿದ ಕೈ ಮೇಲೆ ಸಾಸಿವೆಗಿಂತ ಚೂರು ದಪ್ಪ ಮೊಟ್ಟೆ ಸೋರ್ತಿದ್ವು. ಇಟ್ಕೊಳ್ಳೋಕೆ ಕಾನೂನಿನ ಅಡ್ಡಿ ಇಲ್ಲ, ಆದ್ರೂ ಬಿಟ್ಬಿಟ್ಟೆ. ಕ್ಲೀವ್‌ಲ್ಯಾಂಡ್, ಕೊಲಂಬಸ್ ಕಡೆಯಿಂದ ಬರೋ ನಮ್ಮವ್ರಿಗೂ ಕೈಮುಗಿದು ಕೇಳೋದು ಅದನ್ನೇ, ಗಂಡು ಮೀನು ಬೇಕಾದಷ್ಟು ಇರ್ತವೆ, ಅವನ್ನ ಇಟ್ಕೊಳ್ಳಿ, ಮೊಟ್ಟೆ ತುಂಬಿದ ದೊಡ್ಡದನ್ನ ಬಿಡ್ರೋ. ಈ ಸಲ ಏಪ್ರಿಲ್ ಮೊದಲ ಶನಿವಾರ ನೀರು ಇಳಿದಿದ್ರೆ ನಾನು ಮೇಲಿನ ಜಾಗಕ್ಕೇ ಹೋಗ್ತೀನಿ, ಬರೋರು ಇನ್‌ಬಾಕ್ಸ್ ಮಾಡಿ, ಇನ್ನೊಂದು ಜೊತೆ ವೇಡರ್ಸ್ (ನೀರಲ್ಲಿ ನಿಲ್ಲೋಕೆ ಹಾಕೋ ಬೂಟು-ಪ್ಯಾಂಟು) ಇದೆ, ಹತ್ತನೇ ಸೈಜು.