ಪಡಸಾಲೆಯ ಹಿನ್ನೀರು

ಇಪ್ಪತ್ತೆರಡು ವರ್ಷಗಳಿಂದ ನಾನು ಕರಿಹಲಗೆಯ ಮೇಲೆ ಹೈಡ್ರಿಲ್ಲಾ ಗಿಡವನ್ನು ಬರೆಯುತ್ತ ಬಂದವನು. ಮೊದಲು ಒಂದು ಬೀಕರ್, ಅದರೊಳಗೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಕೊಳವೆಯ ಮೇಲೆ ನೀರು ತುಂಬಿ ಕವುಚಿದ ಪ್ರನಾಳ. ಕೆಳಗೆ ನಾಲ್ಕು ಗೀಟು ಎಳೆದರೆ ಗಿಡ, ಮೇಲಕ್ಕೆ ಸೀಮೆಸುಣ್ಣದ ಹತ್ತು ಚುಕ್ಕಿ ಇಟ್ಟರೆ ಆಮ್ಲಜನಕ. ನನ್ನ ವಿದ್ಯಾರ್ಥಿಗಳು ಈ ಚಿತ್ರವನ್ನು ಪರೀಕ್ಷೆಯಲ್ಲಿ ನನಗಿಂತ ಚಂದವಾಗಿ ಬರೆದು ಅಂಕ ಪಡೆದಿದ್ದಾರೆ. ಆದರೆ ಅವರಾಗಲಿ ನಾನಾಗಲಿ ಆ ಗಿಡವನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ ಎಂಬ ಸಂಗತಿ ನನಗೆ ಹೊಳೆದದ್ದು, ಮಗಳು ತನ್ನ ಗೆಳತಿಯ ಮನೆಯಲ್ಲಿ ಗಿಡ ಬೆಳೆಸಿದ ಮೀನಿನ ತೊಟ್ಟಿಯೊಂದನ್ನು ನೋಡಿ ಬಂದು, ನಮ್ಮ ಮನೆಗೂ ಅಂಥದ್ದೇ ಬೇಕೆಂದು ಊಟ ಬಿಟ್ಟು ಕುಳಿತ ದಿನ.

ಮರುದಿನ ಸಂಜೆ ಅಪ್ಪ ಮಗಳು ಇಬ್ಬರೂ ಮೀನಿನ ಅಂಗಡಿಗೆ ಹೋದೆವು. ಅಂಗಡಿಯವರು ಸಜ್ಜನರು, ನಮ್ಮನ್ನು ಕುಳ್ಳಿರಿಸಿ, ಚಹಾ ತರಿಸಿ, ಚೀಟಿಯ ಮೇಲೆ ಒಂದೊಂದೇ ಬರೆಯತೊಡಗಿದರು. ಎರಡು ಅಡಿಯ ತೊಟ್ಟಿ, ವಿದೇಶದಿಂದ ಬಂದ ಗುಳಿಗೆಯಂಥ ಮಣ್ಣು, ಗಿಡಗಳಿಗೆಂದೇ ಮಾಡಿದ ದೀಪ, ಇಂಗಾಲದ ಡೈಆಕ್ಸೈಡ್ ಬಿಡುವ ಸಿಲಿಂಡರು, ಬೇರಿನಂತೆ ತಿರುಚಿದ ಕಟ್ಟಿಗೆ, ಬೆಟ್ಟದಂತೆ ಕಾಣುವ ಕಲ್ಲು. ಕಲ್ಲಿಗೂ ಕಿಲೋ ಲೆಕ್ಕದಲ್ಲಿ ದರ ಇರುತ್ತದೆಂಬುದು, ಇಳಕಲ್ಲಿನ ಕೆಂಪು ಕಲ್ಲು ಲಾರಿಗಟ್ಟಲೆ ಓಡಾಡುವ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಅರಗಲು ಹೊತ್ತು ಹಿಡಿಯಿತು. ಮೊತ್ತ ಹನ್ನೊಂದು ಸಾವಿರ ದಾಟಿದಾಗ ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: "ಸರ, ಮೀನ ಸಾಕೂದಕ್ಕಿಂತ ಗಿಡಾ ಸಾಕೂದು ತುಟ್ಟಿರಿ." ನನ್ನ ಕಿಸೆಯ ಮಿತಿ ಒಂದೂವರೆ ಸಾವಿರ. ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಬಂದೆ. ಅದು ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ಬರೆದ ಒಂದೊಂದು ವಸ್ತುವಿನ ಬದಲಿಗೆ ಊರಿನಲ್ಲಿ ಏನು ಸಿಗುತ್ತದೆ ಎಂದು ಹುಡುಕುವುದೇ ಮುಂದಿನ ಮೂರು ತಿಂಗಳ ನನ್ನ ಉದ್ಯೋಗವಾಯಿತು. ಹಣವಿದ್ದವರು ತಮ್ಮ ತೊಟ್ಟಿಯಲ್ಲಿ ಅಮೆಜಾನ್ ನದಿಯನ್ನೋ ಜಪಾನಿನ ಬೆಟ್ಟವನ್ನೋ ಇಟ್ಟುಕೊಳ್ಳಬಹುದು. ಕಿಸೆ ಬಿಗಿಯಾಗಿರುವವನ ತೊಟ್ಟಿಯಲ್ಲಿ ಅವನ ಊರೇ ಇರಬೇಕಾಗುತ್ತದೆ.

ತೊಟ್ಟಿ ಸಿಕ್ಕಿದ್ದು ಐನೂರು ರೂಪಾಯಿಗೆ, ವರ್ಗವಾಗಿ ಹೊರಟಿದ್ದ ನೌಕರರೊಬ್ಬರ ಮನೆಯಲ್ಲಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ತುಂಬಿದರೆ ಐವತ್ತು ಲೀಟರಿಗೆ ಸ್ವಲ್ಪ ಹೆಚ್ಚು. ಒಂದು ಮೂಲೆಯಲ್ಲಿ ಸೋರುತ್ತಿತ್ತು. ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು, ಶಿಲೀಂಧ್ರನಾಶಕ ಬೆರೆಸದ, ಹುಳಿ ಸಿರ್ಕಾ ವಾಸನೆ ಹೊಡೆಯುವ ಹೊಸ ಸಿಲಿಕೋನನ್ನು ಎಳೆದು ಎರಡು ದಿನ ಒಣಗಲು ಬಿಟ್ಟೆ. ಹಳೆಯದರ ಮೇಲೆ ಹೊಸದು ಅಂಟುವುದಿಲ್ಲ ಎಂಬುದನ್ನು ಮೊದಲ ಸಲ ಕೆರೆಯದೆ ಬಳಿದು, ಪಡಸಾಲೆಯನ್ನೆಲ್ಲ ತೋಯಿಸಿ ಕಲಿತದ್ದಾಗಿತ್ತು. ನೀರು, ಮಣ್ಣು, ಕಲ್ಲು, ಗಾಜು ಎಲ್ಲ ಸೇರಿದರೆ ಒಂದು ಗೋಧಿ ಚೀಲದಷ್ಟು ಭಾರ. ಅದಕ್ಕೆಂದು ಪಡಸಾಲೆಯ ಗೋಡೆಗೆ ಆನಿಸಿ, ಇಟ್ಟಂಗಿಯ ಕಟ್ಟೆಯ ಮೇಲೆ ಪರಸಿಕಲ್ಲು ಹಾಸಿ, ಗಾಜು ಒಡೆಯದಂತೆ ನಡುವೆ ಥರ್ಮಾಕೋಲ್ ಇಟ್ಟೆ. ಆ ಪರಸಿ ನಮ್ಮ ಹಳೆಯ ಬಾಗಲಕೋಟೆಯ ಮನೆಯದು. ಆಲಮಟ್ಟಿಯ ಹಿನ್ನೀರಿಗೆ ಮನೆ ಹೋಗುವಾಗ ಬಾಗಿಲು, ತೊಲೆ, ಪರಸಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನವನಗರಕ್ಕೆ ಬಂದವರು ನಾವು. ಸರಕಾರಿ ಭಾಷೆಯಲ್ಲಿ ಮುಳುಗಡೆ ಸಂತ್ರಸ್ತರು.

ಹಾಗಾಗಿ ನೀರು ತುಂಬುವ ದಿನ ಅವ್ವ ಬಾಗಿಲಲ್ಲೇ ನಿಂತು ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ಅಲ್ಲೋ ಯಪ್ಪಾ, ನೀರು ನಮ್ಮನ್ನ ಮನಿ ಬಿಡಿಸಿತು. ನೀ ನೋಡಿದ್ರ ಆ ನೀರನ್ನ ತಂದು ಪಡಸಾಲ್ಯಾಗ ಕುಂದರಿಸೀದಿ." ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನಾರಾಯಣಪುರದ ಹಿನ್ನೀರಿನಿಂದ ಉಳಿಸಲು ಸುತ್ತ ಬಾವಿಯಂಥ ಗೋಡೆ ಕಟ್ಟಿದ್ದಾರೆ, ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ಒಳಗೆ ನಿಂತರೆ ಸುತ್ತಲೂ ನೀರು, ನಡುವೆ ಒಣ ನೆಲ. ಅಲ್ಲಿ ನೀರನ್ನು ಹೊರಗಿಡಲು ಗೋಡೆ, ಇಲ್ಲಿ ಒಳಗಿಡಲು ಗಾಜು. ಈ ಹೋಲಿಕೆಯನ್ನು ಅವ್ವನ ಮುಂದೆ ಹೇಳುವ ಧೈರ್ಯವಾಗಲಿಲ್ಲ.

ಇನ್ನು ಮಣ್ಣು. ಗಿಡಗಳಿಗೆ ತಳದಲ್ಲಿ ಒಂದು ಇಂಚು ಸಾಮಾನ್ಯ ಹೊಲದ ಮಣ್ಣು, ಅದು ಮೇಲೇಳದಂತೆ ಮುಚ್ಚಲು ಒಂದು ಇಂಚು ಉಸುಕು, ಇಷ್ಟಿದ್ದರೆ ತುಟ್ಟಿಯ ಗುಳಿಗೆ ಮಣ್ಣಾಗಲಿ ಸಿಲಿಂಡರಾಗಲಿ ಬೇಡವೆಂಬ ವಿಧಾನವನ್ನು ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಎಂಬಾಕೆ 1999ರಲ್ಲಿ ವಿವರವಾಗಿ ಬರೆದು ಪ್ರಸಿದ್ಧಗೊಳಿಸಿದರು. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ಕೊಳೆಸುವಾಗ ಹೊರಬರುವ ಇಂಗಾಲದ ಡೈಆಕ್ಸೈಡೇ ಗಿಡಗಳಿಗೆ ಉಣಿಸು. ಆದರೆ ಆಕೆ ಬಾಗಲಕೋಟೆಯವರಲ್ಲ. ಹೊಲದ ಮಣ್ಣು ಎಂದೊಡನೆ ನಾನು ಹೋಗಿ ತಂದದ್ದು ಎರೆಮಣ್ಣು. ಜೋಳ, ಕಡಲೆಗಳನ್ನು ಬರೀ ಇಬ್ಬನಿಯಲ್ಲಿ ಬೆಳೆಸಬಲ್ಲ ಮಣ್ಣು ನಾಲ್ಕು ಜಲಸಸ್ಯಗಳನ್ನು ಬೆಳೆಸದೆ ಇದ್ದೀತೆ ಎಂಬುದು ನನ್ನ ತರ್ಕ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎರೆನೆಲದಲ್ಲಿ ಮನೆ ಕಟ್ಟಿದ ಯಾರನ್ನು ಕೇಳಿದರೂ ಗೋಡೆಯ ಬಿರುಕನ್ನೇ ತೋರಿಸಿ ಹೇಳುತ್ತಾರೆ. ನನ್ನ ತೊಟ್ಟಿಯಲ್ಲಿ ಅದು ರಾತ್ರೋರಾತ್ರಿ ಉಬ್ಬಿ, ಮೇಲಿನ ಉಸುಕನ್ನು ಸೀಳಿ ಹೊರಬಂದಿತು. ಬೆಳಿಗ್ಗೆ ನೋಡಿದರೆ ಗಾಜಿನ ಪೆಟ್ಟಿಗೆಯಲ್ಲಿ ಗಣಪತಿ ವಿಸರ್ಜನೆಯ ಮರುದಿನದ ಬಾವಿ. ಎಲ್ಲವನ್ನೂ ಬಕೀಟಿನಿಂದ ಎತ್ತಿ ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದೆ. ಎರಡನೆಯ ಸಲ ಬಾದಾಮಿ ಕಡೆಯ ಗೆಳೆಯನ ಮಸಾರಿ ಹೊಲದಿಂದ ಕೆಂಪು ಮಣ್ಣು ತರಿಸಿ, ನಾಲ್ಕು ಸಲ ನೆನೆಸಿ, ಬಿಸಿಲಿಗೆ ಒಣಗಿಸಿ, ಸಾಣಿಗೆ ಹಿಡಿದು, ಒಂದು ಹಿಡಿ ಹಳೆಯ ತಿಪ್ಪೆಗೊಬ್ಬರ ಬೆರೆಸಿದೆ. ಹಿಡಿಗಿಂತ ಹೆಚ್ಚು ಹಾಕಿದರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ.

ಉಸುಕು ಬಗಲ ಮನೆಯ ಕಟ್ಟಡಕ್ಕೆ ತಂದು ಮಿಕ್ಕಿದ್ದು, ನದಿಯದು. ಕಲ್ಲಿನ ಪುಡಿಯ ಎಂ-ಸ್ಯಾಂಡ್ ಮಾತ್ರ ಬೇಡ. ಎಷ್ಟು ತೊಳೆದರೂ ಹಾಲು ಬಿಡುತ್ತದೆ. ಕಲ್ಲಿನ ವಿಷಯದಲ್ಲಿ ವಿಜ್ಞಾನ ಮಾಸ್ತರಿಕೆ ನೆರವಿಗೆ ಬಂತು. ಕಲಾದಗಿ ದಾರಿಯಲ್ಲಿ ಆಯ್ದು ತಂದ ಚಂದದ ಬೂದುಗಲ್ಲಿನ ಮೇಲೆ ಪಾಯಖಾನೆ ತೊಳೆಯುವ ಆ್ಯಸಿಡಿನ ಎರಡು ಹನಿ ಬಿಟ್ಟೆ. ಸೊಂಯ್ ಎಂದು ನೊರೆ ಎದ್ದಿತು. ಸುಣ್ಣಕಲ್ಲು! ಈ ಸೀಮೆಯ ಸಿಮೆಂಟು ಕಾರ್ಖಾನೆಗಳನ್ನು ಸಾಕುತ್ತಿರುವುದೂ ಅದೇ. ಮೊದಲೇ ಗಡಸಾದ ನಮ್ಮ ಬೋರಿನ ನೀರಿನಲ್ಲಿ ಅದನ್ನಿಟ್ಟರೆ ಬೆಲ್ಲಕ್ಕೆ ಸಕ್ಕರೆ ಬೆರೆಸಿದಂತೆ. ಬಾದಾಮಿಯ ಮರಳುಗಲ್ಲಿನ ಮೇಲೆ ಹನಿ ಸುಮ್ಮನೆ ಹರಿದು ಹೋಯಿತು. ಕೆಂಪು, ನಸುಹಳದಿ ಗೆರೆಗಳಿದ್ದ ಆ ಮೂರು ತುಂಡುಗಳನ್ನು ಚೆನ್ನಾಗಿ ತೊಳೆದು ಒಳಗಿಟ್ಟಾಗ ಗುಡ್ಡದ ಗೆರೆಯೇ ಮೂಡಿತು.

ಗಿಡಗಳಲ್ಲಿ ಹಣ ಕೊಟ್ಟದ್ದು ಐದು ವ್ಯಾಲಿಸ್ನೇರಿಯಾ ಸಸಿಗಳಿಗೆ ಮಾತ್ರ. ಹಸಿರು ರಿಬ್ಬನ್ನಿನಂಥ ಈ ಎಲೆ ಗಡಸು ನೀರಿಗೆ ಹೇಳಿ ಮಾಡಿಸಿದ್ದು. ಹೈಡ್ರಿಲ್ಲಾ ಹಿನ್ನೀರಿನ ಅಂಚಿನಲ್ಲಿ ಬೇಕಾದಷ್ಟಿತ್ತು. ಒಂದು ಭಾನುವಾರ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದು ಒಂದು ಹಿಡಿ ಕಿತ್ತು, ಕೈಯಲ್ಲಿ ಹಿಡಿದು ನೋಡಿದೆ. ಒಂದೊಂದು ಗೆಣ್ಣಿಗೂ ಸುತ್ತ ನಾಲ್ಕೈದು ಎಲೆ, ಎಲೆಯಂಚಿಗೆ ಬೆರಳಿಗೆ ತಗಲುವಷ್ಟು ಸಣ್ಣ ಗರಗಸ. ಇದನ್ನು ನಾನು ಬೋರ್ಡಿನ ಮೇಲೆ ಒಮ್ಮೆಯೂ ಬರೆದಿರಲಿಲ್ಲ. ಮನೆಗೆ ತಂದು, ಪೊಟ್ಯಾಶಿಯಂ ಪರ್ಮಾಂಗನೇಟಿನ ನಾಲ್ಕು ಹರಳು ಹಾಕಿದ ತಿಳಿಗೆಂಪು ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆದೆ. ಆದರೂ ಅದರೊಡನೆ ಬಸವನಹುಳುಗಳು ಬಂದವು. ತೆಗೆದು ಚೆಲ್ಲುವುದರಲ್ಲಿದ್ದೆ, ತಡೆದದ್ದು ಎಂದೋ ಓದಿದ ಒಂದು ನೆನಪು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನು ಇದೇ ವ್ಯಾಲಿಸ್ನೇರಿಯಾದ ಜೊತೆ ಇಟ್ಟು, ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಬಸವನಹುಳುಗಳನ್ನು ಬಿಟ್ಟು ಸರಿಪಡಿಸಿದ ಪ್ರಯೋಗವನ್ನು 1850ರಲ್ಲಿ ಪ್ರಕಟಿಸಿದ. ಬಸವನ ನಾಡಿನಲ್ಲಿ ಬಸವನಹುಳುವಿಗೆ ಜಾಗವಿಲ್ಲವೆನ್ನುವುದೂ ಸರಿಯಲ್ಲ ಎಂದು ಬಿಟ್ಟೆ. ಅವುಗಳೊಡನೆ ಕಣ್ಣು ತಪ್ಪಿಸಿ ಬಂದ ಇನ್ನೊಂದು ಅತಿಥಿಯ ವಿಷಯ ಮುಂದೆ ಬರುತ್ತದೆ.

ಒಂಬತ್ತು ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು ದಿನಕ್ಕೆ ಏಳು ಗಂಟೆ, ಸ್ಪಂಜಿನ ಫಿಲ್ಟರು ಮತ್ತು ಸಣ್ಣ ಗಾಳಿಪಂಪು ಹಗಲೂ ರಾತ್ರಿ. ಎಲ್ಲ ಸಿದ್ಧವಾಯಿತು, ಆದರೆ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಅದನ್ನು ಇನ್ನೊಂದು ಬಗೆ ನೈಟ್ರೇಟ್ ಮಾಡಬೇಕು, ನೈಟ್ರೇಟನ್ನು ಗಿಡ ಹೀರಬೇಕು. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮಂಥ ಕ್ಷಾರೀಯ ನೀರಿನಲ್ಲಿ, ನಮ್ಮಂಥ ಸೆಕೆಯಲ್ಲಿ, ಅಮೋನಿಯಾದ ವಿಷ ಇನ್ನೂ ತೀಕ್ಷ್ಣ. ಬ್ಯಾಕ್ಟೀರಿಯಾಗಳಿಗೆ ಉಣಿಸು ಬೇಕೆಂದು ನಾನು ದಿನವೂ ಬೆಳಿಗ್ಗೆ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಉದುರಿಸುತ್ತಿದ್ದೆ. ಎದುರುಮನೆಯ ಅಕ್ಕಾರು ಒಂದು ದಿನ ಸಕ್ಕರೆ ಕೇಳಲು ಬಂದವರು ಇದನ್ನು ನೋಡಿ, ನನಗೇನೂ ಹೇಳದೆ ನೇರವಾಗಿ ಅಡಿಗೆಮನೆಗೆ ಹೋಗಿ ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದರಂತೆ: "ಸರಗೋಳು ಅರಾಮ ಅದಾರಿಲ್ರಿ? ಮೀನಿಲ್ಲದ ನೀರಿಗೆ ಊಟಾ ಹಾಕಾಕತ್ತಾರಲ್ಲ!" ಸಾರಜನಕ ಚಕ್ರವನ್ನು ನೂರಾರು ಮಕ್ಕಳಿಗೆ ತಿಳಿಸಿ ಹೇಳಿದ ನಾನು ಆ ಒಬ್ಬರಿಗೆ ತಿಳಿಸಿ ಹೇಳಲಾಗಲಿಲ್ಲ. ಮಗಳು ಕೂಡ ಮೂರನೆಯ ವಾರಕ್ಕೆ ನನ್ನನ್ನು ಕೈಬಿಟ್ಟಿದ್ದಳು.

ಮೀನು ಪುಕ್ಕಟೆ ಬಂದವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ಹೊಂಡಗಳಲ್ಲಿ ಬಿಡುವ ಗಪ್ಪಿಗಳು. ಪರಿಚಯದ ಆರೋಗ್ಯ ಕಾರ್ಯಕರ್ತರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಆರನ್ನು ತಂದುಕೊಟ್ಟರು. ನನ್ನ ತೊಟ್ಟಿಯಲ್ಲಿ ಪರದೇಶಿ ಎಂದರೆ ಇದೊಂದೇ. ಟ್ರಿನಿಡಾಡ್ ಮತ್ತು ದಕ್ಷಿಣ ಅಮೆರಿಕದ ಈಶಾನ್ಯ ಅಂಚಿನ ಮೀನು, ನಮ್ಮ ದೇಶಕ್ಕೆ ಬಂದು ಶತಮಾನ ಕಳೆದಿದೆ. ಮೆದುನೀರಿನ ತುಟ್ಟಿ ಮೀನುಗಳು ಕೊರಗಿ ಸಾಯುವ ಗಡಸು ನೀರಿನಲ್ಲಿ ಗಪ್ಪಿ ತವರಿಗೆ ಬಂದಂತೆ ಇರುತ್ತದೆ. ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಮೊಟ್ಟೆಯಲ್ಲ, ಈಜುವ ಮರಿಗಳನ್ನೇ. ಮೊದಲ ಸಲ ಇಪ್ಪತ್ತೊಂದು ಮರಿ ಎಣಿಸಿದೆವು, ವಾರದೊಳಗೆ ಒಂಬತ್ತಾದವು. ಒಂದು ರಾತ್ರಿ ಟಾರ್ಚು ಹಿಡಿದು ನೋಡಿದಾಗ ಹೈಡ್ರಿಲ್ಲಾದ ಕಾಂಡದ ಮೇಲೆ ಒಣ ಕಸದಂಥ ಹುಳುವೊಂದು ಕುಳಿತಿತ್ತು. ಮರಿಯೊಂದು ಹತ್ತಿರ ಸುಳಿದದ್ದೇ, ಹುಳುವಿನ ಗದ್ದದ ಕೆಳಗೆ ಮಡಚಿಕೊಂಡಿದ್ದ ತೋಳಿನಂಥದ್ದೊಂದು ಚಿಮ್ಮಿ ಹಿಡಿದು ಬಾಯಿಗೆ ಒಯ್ದಿತು. ಏರೋಪ್ಲೇನ್ ಚಿಟ್ಟೆಯ ಮರಿ. ಚಿಮಟಿಗೆಯಿಂದ ಹಿಡಿದು, ಕೊಲ್ಲಲು ಮನಸ್ಸಾಗದೆ, ಡಬ್ಬಿಯಲ್ಲಿ ಹಾಕಿ ಹಿನ್ನೀರಿಗೇ ಬಿಟ್ಟು ಬಂದೆ. ಗಪ್ಪಿಯನ್ನು ಹಾಗೆ ಬಿಡಬಾರದು, ಅದು ಅಲ್ಲಿನದಲ್ಲ; ಈ ಹುಳು ಅಲ್ಲಿನದೇ.

ಆರನೆಯ ವಾರದ ಒಂದು ಮಧ್ಯಾಹ್ನ, ದೀಪ ಹತ್ತಿ ನಾಲ್ಕು ಗಂಟೆಯಾಗಿತ್ತು, ಹೈಡ್ರಿಲ್ಲಾದ ತುದಿಯ ಎಲೆಯೊಂದರ ಮೇಲೆ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ ಕುಳಿತಿತ್ತು. ನೋಡುತ್ತಿರುವಂತೆ ದಪ್ಪಗಾಯಿತು, ಅಲುಗಿತು, ಎಲೆಯನ್ನು ಬಿಟ್ಟು ಮೇಲೇರಿತು. ಅದರ ಹಿಂದೆಯೇ ಇನ್ನೊಂದು. ಹೆಂಡತಿಯನ್ನು ಕೂಗಿದೆ, ಮಗಳನ್ನು ಕೂಗಿದೆ. "ಆಮ್ಲಜನಕ!" ಎಂದೆ. ಅವರಿಬ್ಬರೂ ಅಷ್ಟೇನಾ ಎಂಬಂತೆ ನೋಡಿದರು.

ಏಪ್ರಿಲ್ ಬಂತು. ನಮ್ಮ ಒಣ ಸೆಕೆಗೆ ದಿನಕ್ಕೆ ಅರ್ಧ ಇಂಚು ನೀರು ಆರಿ ಹೋಗುತ್ತಿತ್ತು. ಆರುವುದು ನೀರು, ಉಳಿಯುವುದು ಅದರ ಸುಣ್ಣ. ಬೋರಿನ ನೀರನ್ನೇ ಮತ್ತೆ ಮತ್ತೆ ಸುರಿದರೆ ಗಡಸುತನ ಏರುತ್ತಲೇ ಹೋಗುತ್ತದೆ, ಗಾಜಿಗೆ ಬಿಳಿ ಪರೆ ಕಟ್ಟುತ್ತದೆ. ಶುದ್ಧ ನೀರಿನ ಘಟಕದಿಂದ ಐದು ರೂಪಾಯಿಗೆ ಒಂದು ಕ್ಯಾನು ತಂದು ಆರಿದಷ್ಟನ್ನು ತುಂಬಿಸಿದೆ. ನೀರು 33 ಡಿಗ್ರಿ ಮುಟ್ಟಿತು. ಸಮುದ್ರಮಟ್ಟದ ಲೆಕ್ಕದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 33 ಡಿಗ್ರಿಗೆ 7.2ರ ಆಸುಪಾಸು. ರಾತ್ರಿ ದೀಪವಾರಿದ ಮೇಲೆ ಗಿಡಗಳೂ ಮೀನಿನಂತೆಯೇ ಉಸಿರಾಡುತ್ತವೆ, ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ನನ್ನ ಉಪಾಯವೆಂದರೆ, ಪಡಸಾಲೆಯ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ತಿರುಗಿಸಿಟ್ಟದ್ದು. ಹರವಿಯ ನೀರು ತಣ್ಣಗಾಗುವ ಬಗೆಯಲ್ಲೇ ಇದೂ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದು ಅವ್ವ ಮಲಗುವಾಗ ಹಚ್ಚಿಕೊಳ್ಳುತ್ತಿದ್ದ ಫ್ಯಾನು. ಒಂದು ಮೂಲೆ ಅವಳ ಕಡೆಗೂ ಗಾಳಿ ಬರುವಂತೆ ತಿರುಗಿಸಿದ್ದೆ. ಅವಳು ಆ ಬಗ್ಗೆ ಏನೂ ಅನ್ನಲಿಲ್ಲ, ಅದೇ ಹೆದರಿಕೆಯಾಗಿತ್ತು.

ಮೇ ತಿಂಗಳ ಒಂದು ರಾತ್ರಿ, ಎರಡೂವರೆ ಗಂಟೆ ಇರಬೇಕು, ಒಳಕೋಣೆಯಲ್ಲಿ ಬೆವತು ಎಚ್ಚರವಾಯಿತು. ಕರೆಂಟು ಹೋಗಿತ್ತು. ಪಡಸಾಲೆಯಿಂದ ನೀರು ಸುರಿಯುವ ಸದ್ದು, ಬಿಟ್ಟು ಬಿಟ್ಟು. ಮತ್ತೆ ಸೋರಿತೆಂದು ಎದ್ದು ಓಡಿದೆ. ಪರಸಿಯ ಮೇಲೆ ಕಂದೀಲು ಇತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ನಿಂತು, ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಮಾರುದ್ದ ಮೇಲೆತ್ತಿ, ಸಣ್ಣ ಧಾರೆಯಾಗಿ ಮತ್ತೆ ತೊಟ್ಟಿಗೇ ಬಿಡುತ್ತಿದ್ದಳು. ಧಾರೆ ಬಿದ್ದಲ್ಲಿ ನೊರೆ ಏಳುತ್ತಿತ್ತು, ನೊರೆಯ ಸುತ್ತ ಗಪ್ಪಿಗಳೆಲ್ಲ ನೆರೆದಿದ್ದವು.

"ಬಾಯಿ ತಕ್ಕೊಂಡು ಮ್ಯಾಲ ಬಂದಿದ್ದುವೋ," ಎಂದಳು, ತಿರುಗಿ ನೋಡದೆ. "ಇನ್ನೊಂದು ತಂಬಿಗಿ ತಗೊಂಡ್ ಬಾ."